ನಪಾಸಾದ ದೇಶ

ಹೋದ ಮಂಗಳವಾರ ಯೂನಿವರ್ಸಿಟಿ ಹಾಲಿನ ಬಾಗಿಲಕ
ಬಂದೋಬಸ್ತಿಗೆ ನಿಂತಿದ್ದೆ.
ಒಳಗ ದಿಲ್ಲಿ ಸಾಹೇಬರು ನಕಾಶೆ ಮ್ಯಾಲ
ಐದಾರು ಕಡೆ ಕೆಂಪು ಬಳದು ಹೇಳತಿದ್ರು:
ಇವು ನಪಾಸಾದ ದೇಶ,
ಆಳೋರಿಲ್ಲದ ನೆಲದಾಗ ಉಗ್ರರ ಬೀಜ ಏಳತಾವು,
ಅಲ್ಲಿ ಹೊಗಿ ಎದ್ರ ಇಲ್ಲಿ ಕೆಮ್ಮು.

ನಾನೂ ಹತ್ತನೇತ್ತಾ ಎರಡು ಸಲ ನಪಾಸು, ಗಣಿತದಾಗ.
ಅದಕ್ಕ ಕಿವಿ ಅತ್ಲಾಗ ಹೋತು.
ದೇಶಕ್ಕ ಪೇಪರ್ ತೆಗೆಯೋರು ಯಾರು, ತಿದ್ದೋರು ಯಾರು?
ಹಾಲ್ ಟಿಕೆಟ್ ಹರದು ಒಗೆದವರ
ಪರೀಕ್ಷಾ ಮಂಡಳಿಯಾಗ ಕುಂತಿದ್ರ?
ಬಾಗಿಲ ಕಾಯೋರು ಪ್ರಶ್ನೆ ಕೇಳಂಗಿಲ್ಲ.
ಚಹಾ ಬಂತು, ಕುಡದೆ.

ಗುರುವಾರ ಠಾಣೆದಾಗ ಹಾಳಿ ಕೈಗೆ ಬಂತು:
ಸಪ್ತಾಪುರ, ನೀಲಗಂಗಕ್ಕ ಹೊಸಮಠ ಅವರ ಮ್ಯಾಲಿನ ಖೋಲಿ,
ಫ್ರೈದೂನ್, ಇಪ್ಪತ್ತಾರು, ಬಗ್ಲಾನ್, ಅಫ್ಘಾನಿಸ್ತಾನ.
ಕೃಷಿ ವಿದ್ಯಾಲಯದಾಗ ಗೋಧಿ ರೋಗ ಓದತಾನ.

ನೀಲಗಂಗಕ್ಕ ಗೇಟಿನಾಗ ನಿಂತು, ಸಣ್ಣ ದನಿಲೆ:
“ಹುಡುಗ ಚೊಲೋ ಅದಾನ್ರಿ.
ಬಾಡಿಗಿ ಒಂದ್ ತಿಂಗಳ ತಪ್ಪಿಲ್ಲ,
ಸಿಲಿಂಡರ್ ಬಂದ್ರ ಅವನ ಎತ್ತಿ ಒಳಗ ಇಡತಾನ.
ಆದ್ರೂ…”

ಆ ಆದ್ರೂಗೆ ಅರ್ಜಿಯೊಳಗ ಕಾಲಂ ಇಲ್ಲ.
ಇಪ್ಪತ್ತೆರಡು ವರ್ಷ
ನಾ ಅದನ್ನ ಕಿಸೆದಾಗ ಇಟಗೊಂಡ ತಿರಗೇನಿ.

ಪಾಸ್‌ಪೋರ್ಟ್ ತೋರಿಸಿದ.
ಅದನ್ನ ಕೊಟ್ಟ ಸರಕಾರ ಈಗಿಲ್ಲ,
ಈಗಿದ್ದವರ ಹಂತ್ಯಾಕ ಇವನು ಹೋಗಂಗಿಲ್ಲ.
ಮುಂದಿನ ವರ್ಷ ಅವಧಿ ತೀರತದ.
“ಆಮ್ಯಾಲೆ?” ಅಂದೆ.
“ಸರ್, ಆ ಶಬ್ದ ಇನ್ನೂ ಕಲ್ತಿಲ್ಲ,” ಅಂತ ನಕ್ಕ.

ಕುಟುಂಬದ ಸದಸ್ಯರು ಅನ್ನೋ ಕಡೆ ಪೆನ್ನು ನಿಂತಿತು.
ಅಣ್ಣನ ಹೆಸರು ಬರೀಲೇನು ಅಂತ ಕೇಳಿದ,
ಬಸ್ ಸ್ಟ್ಯಾಂಡಿನಾಗ ಬಾಂಬಿಗೆ ಹೋದ ಅಣ್ಣ.
“ಇದ್ದವರದಷ್ಟ,” ಅಂದೆ.
ಗೆರೆ ಹಂಗ ಖಾಲಿ ಉಳೀತು.

ಮಾಳಿಗಿ ಮ್ಯಾಲ ಹಳೇ ಪೇಂಟ್ ಡಬ್ಬಿಯೊಳಗ
ಒಂಬತ್ತು ಸಾಲು ಗೋಧಿ.
ಎಲಿಗೆಲ್ಲಾ ಕಂದು ತುಕ್ಕು. ಬೆರಳಿಟ್ಟೆ, ಪುಡಿ ಹತ್ತಿತು.
“ಎಲ್ಲಿಂದ ಬಂತಿದು?”
ರೂಢಿ, ಬಾಯಿಗೆ ಅದ ಬರತದ.
“ಗಾಳಿಗೆ, ಸರ್. ಇದು ನೀಲಗಿರಿ ಕಡಿದು.
ನಮ್ಮ ಕಡಿದು ಬ್ಯಾರೆ.”

ಸಂಶಯಾಸ್ಪದ: ಹೌದು / ಇಲ್ಲ.
ಇಲ್ಲಕ್ಕ ಸುತ್ತು ಹಾಕಿದೆ,
ಸುಳ್ಳು ಯಾಕ್ ಹೇಳಲಿ, ಸ್ವಲ್ಪ ತಡದ.
ಮೆಟ್ಟಲ ಇಳಿಯೂಮುಂದ ಬೆರಳು ಅಂಗಿಗೆ ಒರಸಿಕೊಂಡೆ.
ಖಾಕಿ ಮ್ಯಾಲ ಆ ಬಣ್ಣ ಕಾಣಲೇ ಇಲ್ಲ.