ಆರನೆಯ ಅಂಕಿ

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ ನನ್ನ ಅಂಗಡಿ.
ಝೆರಾಕ್ಸ್, ಲ್ಯಾಮಿನೇಷನ್, ಪಹಣಿ;
ಫಲಿತಾಂಶ ಬಂದ ಮೇಲೆ ಆಪ್ಷನ್ ಎಂಟ್ರಿ,
ತಲೆಗೆ ಐವತ್ತು ರೂಪಾಯಿ.
ಶಿವಮೊಗ್ಗದ ಎಷ್ಟೋ ಮಕ್ಕಳ ಆಸೆಗೆ
ಒಂದು, ಎರಡು, ಮೂರು ಅಂತ ನಂಬರು ಹಾಕಿದ ಬೆರಳು ಇದು.

ಲೆಕ್ಕ ಬಾಯಿಪಾಠ.
ಕಂಪ್ಯೂಟರ್ ಬೇಗ ಬಾಗಿಲು ಹಾಕುತ್ತದೆ.
ಮೆಕ್ಯಾನಿಕಲ್ಲು, ಪಾಪ, ರಾತ್ರಿಯ ಕೊನೆ ಬಸ್ಸು,
ಯಾರು ಕೈ ಅಡ್ಡ ಹಿಡಿದರೂ ನಿಲ್ಲುತ್ತದೆ.
ಅದೇ ಹುಡುಗಿ, ಅದೇ ರ‍್ಯಾಂಕು,
ಕೋರ್ಸಿನ ಹೆಸರು ಬದಲಾದರೆ
ಈ ಸಾಲಿನಲ್ಲಿ ಜಾಣೆ, ಆ ಸಾಲಿನಲ್ಲಿ ದಡ್ಡಿ.

ಶುಕ್ರವಾರ ಮುಬೀನಾ ಬಂದಳು,
ಆಟೋ ಕಾಂಪ್ಲೆಕ್ಸಿನ ಲೇತ್ ಬಾಷಾ ಸಾಬರ ಮಗಳು.
ರ‍್ಯಾಂಕು ಹದಿನಾಲ್ಕು ಸಾವಿರದ ಇನ್ನೂರಾ ಏಳು.
"ಮೊದಲನೇದು ಮೆಕ್ಯಾನಿಕಲ್ ಹಾಕಿ ಅಣ್ಣ."
ನಕ್ಕೆ. "ಅದೆಲ್ಲಿ ಓಡಿಹೋಗತ್ತಮ್ಮ?
ಕೊನೆಗೆ ಹಾಕಿದರೂ ಸಿಗತ್ತೆ.
ಹಾಸನದಲ್ಲಿ ಕಂಪ್ಯೂಟರೇ ಬರಬಹುದು ನಿಂಗೆ."

"ಸಿಗತ್ತೆ ಅಂತ ಕೇಳ್ತಿಲ್ಲ," ಅಂದಳು.
"ಅಪ್ಪ ಕಬ್ಬಿಣ ಸುಲಿಯೋದು ನೋಡಿದೀರಾ?
ಸುರುಳಿ ಸುರುಳಿ ಸಿಪ್ಪೆ ಬೀಳತ್ತೆ,
ಬೀಳ್ತಾ ಬೀಳ್ತಾ ನೀಲಿ ಆಗತ್ತೆ.
ಯಾಕೆ ನೀಲಿ ಅಂತ ಅಪ್ಪಂಗೂ ಗೊತ್ತಿಲ್ಲ."

ಬರೆದೆ. ಒಂದು, ಮೆಕ್ಯಾನಿಕಲ್.
ಒಂಬತ್ತು, ಕಂಪ್ಯೂಟರ್. ಅದೂ ನನ್ನ ಒತ್ತಾಯಕ್ಕೆ.

ಕೊನೆಯ ದಿನ, ರಾತ್ರಿ ಹನ್ನೊಂದೂಕಾಲು.
ಬಾಷಾ ಸಾಬರ ಫೋನು, ಪಿಸುದನಿ:
"ಒಂಬತ್ತನೇದು ಮೇಲೆ ತಂದುಬಿಡಿ ಸಾರ್.
ನನ್ನ ಕೈ ನೋಡಿದೀರಲ್ಲ."
ನೋಡಿದ್ದೆ. ಎಡಗೈ ತೋರುಬೆರಳು ಅರ್ಧವೇ ಇದೆ.

ಅವಳ ಪಾಸ್‌ವರ್ಡು ನನ್ನ ಪುಸ್ತಕದಲ್ಲಿತ್ತು,
ಓಟಿಪಿ ಅವರ ಫೋನಿಗೆ ಬಂತು.
"ನಾಲ್ಕು," ಅಂದರು. ಒತ್ತಿದೆ.
"ಸೊನ್ನೆ. ಏಳು." ಒತ್ತಿದೆ.
"ಇನ್ನೊಂದು ಏಳು. ಎರಡು."
ಆಮೇಲೆ ಇಲ್ಲ.

ಆ ಕಡೆ ಫ್ಯಾನಿನ ಕಟಕಟ,
ಯಾರೋ ಮಗ್ಗುಲು ಬದಲಿಸಿದ ಚಾಪೆಯ ಸದ್ದು.
ಈ ಕಡೆ ಐದು ಚುಕ್ಕೆ, ಒಂದು ಖಾಲಿ ಮನೆ,
ಮಿಣುಕುವ ಗೆರೆ.
ಮುಂದಿನದು ಹೇಳಿ ಅನ್ನಬಹುದಿತ್ತು ನಾನು.
ಇಪ್ಪತ್ತೆರಡು ವರ್ಷದ ಕೆಳಗೆ
ನನ್ನ ಅರ್ಜಿಯನ್ನು ನಮ್ಮಣ್ಣ ತುಂಬಿದ್ದ,
ಸೀಟು ಗ್ಯಾರಂಟಿ ಅಂತ.
ಸಿಕ್ಕಿತು. ಎರಡನೇ ವರ್ಷಕ್ಕೆ ಬಿಟ್ಟೆ.

ಅವಧಿ ಮುಗಿದಿದೆ, ಅಂತ ಕೆಂಪಕ್ಷರ ಬಂತು.
"ಮಲಗಿದಾಳೆ," ಅಂದರು ಬಾಷಾ ಸಾಬ್,
ಫೋನಿಟ್ಟರು.

ಮತ್ತೆ ಮಾಡಬಹುದು ಅಂತ
ಹನ್ನೆರಡು ಹೊಡೆಯುವವರೆಗೂ
ಷಟರು ಅರ್ಧ ಎತ್ತಿಕೊಂಡೇ ಕೂತಿದ್ದೆ,
ಮಾಡದಿರಲಿ ಅಂತಲೂ.