ಗಾಳಿ ಬಂತೇ

ಪುಂಟಾ ಅರೇನಾಸ್‌ನಲ್ಲಿ ಗಾಳಿಯನ್ನು ಯಾರೂ ವಿಚಾರಿಸುವುದಿಲ್ಲ,
ಅದು ಕರೆಯದೆಯೇ ಬರುತ್ತದೆ.
ಬೀದಿ ದಾಟುವವರಿಗೆ ಹಿಡಿಯಲು ಹಗ್ಗ ಕಟ್ಟುತ್ತಾರೆ.
ಹನ್ನೊಂದು ವರ್ಷದಿಂದ ಅದರ ಲೆಕ್ಕ ಬರೆದೇ ನನ್ನ ರೊಟ್ಟಿ:
ವಿಮಾನ ನಿಲ್ದಾಣದ ತುದಿಯಲ್ಲೊಂದು ಕಂಬ,
ಕಂಬದ ನೆತ್ತಿಯಲ್ಲಿ ತಿರುಗುವ ಮೂರು ಬಟ್ಟಲು.

ಈಗ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ
ಡಾಕ್ಟರ್ ವುಕಾಸೊವಿಚ್ ಅಮ್ಮನ ಹೊಟ್ಟೆಗೆ ಸ್ಟೆತೊಸ್ಕೋಪು ಒತ್ತಿ
ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕೇಳುತ್ತಾನೆ:
“ದೋನ್ಯಾ ಎರ್ಮಿಂದಾ, ಗಾಳಿ ಬಂತೇ?”
ಅಮ್ಮ ಕಿಟಕಿಯ ಕಡೆ ಕೈ ತೋರುತ್ತಾಳೆ.

ಮೂಗಿನಲ್ಲಿಳಿದ ನಳಿಕೆ. ಚೀಲದಲ್ಲಿ ಹಸಿರು ಪಿತ್ತ.
ಎಕ್ಸ್‌ರೇಯಲ್ಲಿ ಕರುಳು ಉಬ್ಬಿ
ಏಣಿಯ ಮೆಟ್ಟಿಲಾಗಿ ನಿಂತಿದೆ, ಹತ್ತುವವರಿಲ್ಲದೆ.
ಹನಿ ನೀರೂ ಕೂಡದು; ಒದ್ದೆ ಹತ್ತಿಯಿಂದ ತುಟಿ ಒರೆಸುತ್ತೇನೆ,
ಏಡಿ ಕಾರ್ಖಾನೆಯಲ್ಲಿ ಇಪ್ಪತ್ತಾರು ಚಳಿಗಾಲ
ಚಿಪ್ಪು ಒಡೆದು ಯಾರ‍್ಯಾರಿಗೋ ಉಣಿಸಿದವಳ ತುಟಿ.

ಮೂವತ್ತನಾಲ್ಕು ವರ್ಷದ ಹಿಂದಿನ ಕೊಯ್ತದಿಂದ, ಎಂದ ಡಾಕ್ಟರ್.
ಅವನು ಬಿಡಿಸಿ ಹೇಳಬೇಕಿರಲಿಲ್ಲ,
ನನ್ನ ವಯಸ್ಸು ಅಷ್ಟೇ.
ಇಳಿಯಲೊಲ್ಲೆನೆಂದು ಅಡ್ಡ ತಿರುಗಿ ಕೂತಿದ್ದೆನಂತೆ.

ಹೊರಗಿನ ಬಿಳಿ ಗೆರೆಯ ಮೇಲೆ ಚಿಕ್ಕಂದಿನಲ್ಲಿ ಬೆರಳಾಡಿಸಿದ್ದೇನೆ.
ಒಳಗೆ ಏನು ನಡೆಯಿತೆಂದು ಯಾರು ನೋಡಿದರು?
ಮೈಗೆ ಕಣ್ಣಿಲ್ಲ. ಗಾಯವಾದಲ್ಲಿ ಅಂಟು ಸುರಿಯುತ್ತದೆ,
ಪಕ್ಕದಲ್ಲಿ ಯಾರಿದ್ದರೆ ಅವರನ್ನೇ ಬಾಚಿ ತಬ್ಬುತ್ತದೆ.
ಕರುಳಿಗೂ ಗೋಡೆಗೂ ನಡುವೆ
ಜೇಡನ ಎಳೆಯಂಥ ಒಂದು ನಂಟು;
ಇಷ್ಟು ವರ್ಷ ಸುಮ್ಮನಿದ್ದು
ಒಂದು ಭಾನುವಾರ, ಕುರಿಮಾಂಸದ ಊಟದ ಮೇಲೆ,
ಗಂಟು.

“ಮತ್ತೆ ಕೊಯ್ದರೆ?”
“ಬಿಡಿಸಬಹುದು. ಬಿಡಿಸಿದ ಗಾಯವೂ ಮಾಯಬೇಕಲ್ಲ.
ಮಾಯುವುದೆಂದರೆ ಮತ್ತೆ ಅಂಟುವುದೇ. ಕಾಯೋಣ.
ಜ್ವರ ಬಂದರೆ, ನೋವು ಬಿಡದೆ ನಿಂತರೆ, ಆಗ ಕಾಯುವುದಿಲ್ಲ.”

ಅಮ್ಮ ಗೊಗ್ಗರು ದನಿಯಲ್ಲಿ ಬೈದಳು:
“ಆಗಲೂ ಅಷ್ಟೇ ನೀನು,
ಬಾಗಿಲು ಸರಿಯಾಗಿ ಹಾಕಿಕೊಂಡು ಬರಲಿಲ್ಲ.”
ಈ ಊರಿನ ತಾಯಂದಿರು ದಿನಕ್ಕೆ ಹತ್ತು ಸಲ ಆಡುವ ಮಾತು.
ಹಾಕಿದ್ದೆ ಅಮ್ಮಾ, ಎನ್ನಲಿಲ್ಲ ನಾನು.
ತೆಗೆಯಲು ಬಾರದ ಹಾಗೆ ಹಾಕಿದ್ದೆ.

ನಾಲ್ಕನೆಯ ರಾತ್ರಿ ಜಲಸಂಧಿಯ ಮೇಲೆ
ಗಂಟೆಗೆ ನೂರಿಪ್ಪತ್ತು ಕಿಲೋಮೀಟರು. ಗಾಜು ಕಟಕಟ.
ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದರು.
ಪಕ್ಕದ ಹಾಸಿಗೆಯ ಹೆಂಗಸು, ಕುರಿ ಉಣ್ಣೆ ಕತ್ತರಿಸುವವನ ಹೆಂಡತಿ,
ಜಪಮಾಲೆ ನಿಲ್ಲಿಸಿ ತಲೆ ಎತ್ತಿದಳು.
ಹೊದಿಕೆಯೊಳಗಿಂದ
ಹಳೆಯ ಕದದ ಕೀಲಿನಂಥ ಒಂದು ಸದ್ದು.

ಅಮ್ಮ ಕಣ್ಣು ಬಿಡಲಿಲ್ಲ. “ಅವಳದು,” ಎಂದಳು.
“ದೇವರಾಣೆ, ನಿನ್ನದೇ,” ಎಂದು ಆ ಹೆಂಗಸು
ಹೊಲಿಗೆ ಹಿಡಿದುಕೊಂಡು ನಗತೊಡಗಿದಳು,
ನಗಬೇಡಿ ನಗಬೇಡಿ ಎಂದು ನರ್ಸ್ ಓಡಿಬಂದಳು, ತಾನೂ ನಗುತ್ತ.

ಅಭ್ಯಾಸಬಲದಿಂದ ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ:
ಮೂರು ಗಂಟೆ ನಲವತ್ತು. ಮಂದ.
ದಿಕ್ಕು ಬರೆಯಲಿಲ್ಲ.

ಎಳೆ ಹರಿದಿಲ್ಲ, ಸಡಿಲಾಗಿದೆ ಅಷ್ಟೆ, ಎಂದಿದ್ದಾನೆ ಡಾಕ್ಟರ್.
ನಾಳೆ ಒಂದು ಚಮಚ ಸಾರು ಕೊಡುತ್ತಾರಂತೆ.
ಉಪ್ಪಿಲ್ಲದ್ದಾದರೆ ತನಗೆ ಬೇಡವೆಂದು
ಅಮ್ಮ ಈಗಲೇ ಜಗಳ ತೆಗೆದಿದ್ದಾಳೆ.