ಏಳನೇ ಸ್ಟಡ್ಡು

ಸದ್ದಿನಲ್ಲೇ ಗೊತ್ತಾಗಿತ್ತು.
ಚಟ್ ಚಟ್ ಚಟ್, ಏರಿಗೆ ಜೋರು, ಇಳಿಜಾರಿಗೆ ಸುಮ್ಮನೆ.
ಹಳೇ ಪಿ.ಬಿ. ರಸ್ತೆಯ ತಿರುವಿನಿಂದಲೇ ಕೇಳಿಸಿಕೊಂಡೆ.
ರುದ್ರಮುನಿ ಲಾರಿಯಿಂದ ಇಳಿದು,
"ಟ್ಯಾಪೆಟ್ ಇರಬೇಕು, ನೋಡು ತಿಪ್ಪೇಶಿ" ಅಂದ.
ಮ್ಯಾನಿಫೋಲ್ಡಿನ ಪಕ್ಕ ಕೈಯೊಡ್ಡಿದೆ.
ಬಿಸಿ ಉಸಿರು. ಬೆರಳಿಗೆ ಮಸಿ.
"ಸ್ಟಡ್ ಮುರದಾವ. ಇವತ್ತು ನೀ ಹೋಗಂಗಿಲ್ಲ."

ಹನ್ನೆರಡರಲ್ಲಿ ಒಂಬತ್ತು ಬಂದವು,
ಕೆಲವು ಬೈಸಿಕೊಂಡು, ಕೆಲವು ಹಾಗೇ.
ಎರಡು, ಉಗುರಿನಷ್ಟು ತಲೆ ಹೊರಗಿಟ್ಟು ನಿಂತಿದ್ದವು.
ಅವಕ್ಕೆ ನಟ್ಟು ಕೂರಿಸಿ, ನಟ್ಟಿನ ಹೊಟ್ಟೆ ತುಂಬ ವೆಲ್ಡಿಂಗ್ ಇಳಿಸಿ,
ಕೆಂಪು ಆರಿ ಕಪ್ಪಾಗುವ ಹೊತ್ತಿಗೆ
ಮೇಣದಬತ್ತಿ ತಾಗಿಸಿದೆ.
ಎಣ್ಣೆ ಮೂರು ತಾಸು ಬಾಗಿಲಲ್ಲಿ ಕಾದು ನಿಂತಿತ್ತು,
ಮೇಣ ಕೇಳದೆಯೇ ಒಳಗೆ ಹೋಯಿತು.

ಸ್ಪ್ಯಾನರ್ ಹಿಡಿದವನು ಓಬಳೇಶ. ಹದಿನೆಂಟರ ರಟ್ಟೆ.
"ಬಿಚ್ಚಬ್ಯಾಡ. ಮೊದ್ಲು ಬಿಗಿ ಮಾಡು."
"ಬಿಗಿ ಆಗೇ ಅಲ್ಲೇನಣ್ಣ ಇದು ಕುಂತಿರೋದು?"
"ಕೂದಲೆಳೆಯಷ್ಟು ಮಾಡು. ಆಮೇಲೆ ಬಿಡು.
ತುಕ್ಕಿಗೂ ಒಂದು ಮಾತು ಹೇಳಿ ಹೊರಡಬೇಕು."

ಈ ಮಾತು ನನ್ನದಲ್ಲ, ಬುಡೇನ್ ಸಾಬರದ್ದು.
ಹತ್ತಿ ಮಿಲ್ಲಿನ ಫಿಟ್ಟರು. ಮಿಲ್ಲು ಮುಚ್ಚಿದಾಗ
ಬರಬೇಕಾದ ಸಂಬಳದ ಲೆಕ್ಕಕ್ಕೆ
ಒಂದು ತಗಡಿನ ಡಬ್ಬಿ ಹೊತ್ತು ತಂದರು:
ಎಡಕ್ಕೆ ತಿರುಗಿ ಕೊರೆಯುವ ಬೈರಿಗೆಗಳು, ಒಂಬತ್ತು.
ಈಗ ನನ್ನ ಬಳಿ ನಾಲ್ಕು ಉಳಿದಿವೆ.

ಏಳನೆಯದು ಅಲುಗಲಿಲ್ಲ.
ಹೆಡ್ಡಿನ ಒಳಗೆ, ಕಾಲಿಂಚು ಕೆಳಗೆ ಮುರಿದಿತ್ತು.
ಟಾರ್ಚ್ ಬಿಟ್ಟು ನೋಡಿದೆ:
ಮುರಿದ ಮುಖದ ಅರ್ಧ ಕಪ್ಪು, ಅರ್ಧ ಬೆಳ್ಳಿ.
ಅರ್ಧ ಯಾವತ್ತೋ ಮುರಿದಿತ್ತು.
ಮಿಕ್ಕರ್ಧ ಇಷ್ಟು ವರ್ಷ ಒಂದೇ ದುಡಿದು, ಮೊನ್ನೆ ಕೈಬಿಟ್ಟಿದೆ.

'ಈಜಿ ಔಟ್' ಅಂತ ಒಂದು ಸಾಮಾನು ಬರುತ್ತದೆ.
ಹೆಸರಿಟ್ಟವನು ಅದನ್ನು ಹಿಡಿದವನಲ್ಲ.
ಒಳಗೆ ಅದೇ ಮುರಿದರೆ, ಉಕ್ಕಿನೊಳಗೆ ಉಕ್ಕು,
ಹೆಡ್ಡು ಇಳಿಸಬೇಕು, ರುದ್ರಮುನಿ ಎತ್ತಿದ ದನಿ ಹರಿಹರದವರೆಗೆ.
ಪಂಚ್ ಇಟ್ಟೆ. ನಡುವಿಗೆ, ಉಸಿರು ಹಿಡಿದು, ಒಂದೇ ಪೆಟ್ಟು.
ಆಮೇಲೆ ಸಾಬರ ಬೈರಿಗೆ, ಹಿಂದುಮುಂದಾಗಿ, ಮೆತ್ತಗೆ.

ಮಂಡಕ್ಕಿ ಭಟ್ಟಿಗಳ ಹೊಗೆ ನಿಂತು ತಾಸಾಗಿತ್ತು.
ಓಬಳೇಶ ಟೈರಿನ ಮೇಲೆ ತೂಕಡಿಸುತ್ತಿದ್ದ.
ಕೈಗೆ ಏನೋ ಗೊತ್ತಾಯಿತು, ಕಿವಿಗಲ್ಲ:
ಕಚ್ಚಿತು. ತಿರುಗಿತು.
ತಾನಾಗಿಯೇ ಬೈರಿಗೆಯ ಬೆನ್ನೇರಿ
ಬೆಳಕಿಗೆ ಬಂತು.

ಅಂಗೈಯಲ್ಲಿಟ್ಟುಕೊಂಡು ಒರೆಸಿದೆ.
ಸ್ಟಡ್ಡೇ ಅಲ್ಲ ಅದು.
ಯಾವುದೋ ಬೋಲ್ಟು, ತಲೆ ಕೊಯ್ದು ತುರುಕಿದ್ದು.
ಕೊಯ್ದ ತುದಿ ಎಡಕ್ಕೆ ವಾಲಿದೆ.
ಅಂದಿಗೂ ಇಂದಿಗೂ ನನ್ನ ಗರಗಸ ಎಡಕ್ಕೇ ವಾಲುವುದು.

ಆಗ ಈ ಗಾಡಿ ರುದ್ರಮುನಿಯ ಮಾವನದು, ಹಸಿರು ಬಣ್ಣ.
ಸಾಬರಿಗೆ ಜ್ವರ. ಅಂಗಡಿಗಳೆಲ್ಲ ಮುಚ್ಚಿದ್ದವು.
ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಕಾಲು ಕೊಟ್ಟು
ಕಿರ್ ಅನ್ನುವವರೆಗೆ ಎಳೆದಿದ್ದೆ.
ಬೆಳಿಗ್ಗೆ ಸಾಬರು ಬಂದು
ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದರು.
ಏಳರ ಮೇಲೆ ನಿಲ್ಲಿಸಿದರು.
"ನಿದ್ದಿ ಬಂತೇನಲೇ?"
ಅಷ್ಟೇ ಕೇಳಿದ್ದು.

ಹೊಸದು ಹಾಕಿದೆ. ತಾಮ್ರದ ಗ್ರೀಸು ಸವರಿ
ಕೊನೆಯ ಸುತ್ತಿನವರೆಗೂ ಬೆರಳಲ್ಲೇ.
ಓಬಳೇಶ ಪೈಪು ತರಲು ಎದ್ದ.
"ಇಡು ಅದನ್ನ" ಅಂದೆ.
ದನಿ ನನಗೇ ಜೋರಾಯಿತು.

ಬಿಲ್ಲಿನಲ್ಲಿ ಎರಡು ಬರೆದೆ.
ರುದ್ರಮುನಿ ಎಣಿಸುವವನು:
"ಮುರದಿದ್ದು ಮೂರಲ್ಲೇನು?"
"ಒಂದು ಹಳೇ ಬಾಕಿ, ತೀರ್ತು."
ಯಾರ ಬಾಕಿ ಎಂದು ಕೇಳದೆ, ಲಾಭವೆಂದುಕೊಂಡು ಹತ್ತಿದ.
ಏರಿನಲ್ಲಿ ಲಾರಿ ಬಾಯಿ ಮುಚ್ಚಿಕೊಂಡು ಹೋಯಿತು.

ತುಂಡು ನನ್ನ ಬೀಗದ ಗೊಂಚಲಿನಲ್ಲಿದೆ.
ನಾನೇ ಕೊರೆದ ತೂತು, ಉಂಗುರಕ್ಕೆ ಸರಿಯಾಯಿತು.
ರಾತ್ರಿ ಶಟರ್ ಎಳೆದು ಬಗ್ಗಿದಾಗ
ತಗಡಿಗೆ ತಾಗಿ
ಒಂದೇ ಸಲ
ಚಟ್ ಅನ್ನುತ್ತದೆ.